ಪಂಜರದ ಮೀನಿನ ಹೊಲಸು ಇಳಿಯುವುದೆಲ್ಲಿ?

ಹೊಳೆ ತೊಳೆದುಕೊಂಡು ಹೋಗುತ್ತೆ ಅನ್ನೋ ನಂಬಿಕೆಯೂ ಅಂಗಡಿ ಚೀಟಿಯ ಲೆಕ್ಕವೂ

ಅಳಿವೆ ಬಾಗಿಲಿಂದ ಸ್ವಲ್ಪ ಒಳಗೆ, ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ತೇಲುವ ಕಬ್ಬಿಣದ ಚೌಕಟ್ಟು. ಅದಕ್ಕೆ ಜೋತುಬಿದ್ದ ಬಲೆ. ಉಪ್ಪುಂದ, ಕುಂದಾಪುರದ ಕಡೆಯವರಿಗೂ ಕಾರವಾರದವರಿಗೂ ಇದು ಪಂಜರ ಮೀನು ಕೃಷಿ ಅಂತ ಹೇಳಿಕೊಡಬೇಕಾಗಿಲ್ಲ. ಬಲೆಯೊಳಗೆ ಸೀ ಬಾಸ್ ಮರಿ ಬಿಡುತ್ತಾರೆ, ದಿನಾ ತಿನ್ನಿಸುತ್ತಾರೆ, ತೂಕ ಬಂದ ಮೇಲೆ ಎತ್ತಿ ಮಾರುತ್ತಾರೆ. ಹೋಟೆಲಿನವರು ದರ ಕೊಡುತ್ತಾರೆ. ಸರಕಾರ ಸಬ್ಸಿಡಿ ಕೊಡುತ್ತದೆ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇಕಡ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡ 60 ಸಹಾಯಧನ ಅಂತ ಇಟ್ಟರು. ಕಡಲಲ್ಲಿ ಮೀನು ಕಡಮೆಯಾದ ವರ್ಷಗಳಲ್ಲಿ ಮನೆ ಮುಂದಿನ ಹೊಳೆಯಲ್ಲೇ ನಾಲ್ಕು ಕಾಸು ಬರುವುದಾದರೆ ಬೇಡ ಅನ್ನುವವರಾರು?

ಎಲ್ಲಾ ಸರಿ. ತಿಂದ ಮೀನಿನ ಮಲ, ತಿನ್ನದೆ ಉಳಿದ ತಿಂಡಿ ಎಲ್ಲಿಗೆ ಹೋಗುತ್ತದೆ?

ಇದಕ್ಕೆ ದಡದಲ್ಲಿ ಸಿಗುವ ಉತ್ತರ ಒಂದೇ: ಹೊಳೆ ಹರೀತದಲ್ಲ ಮಾರಾಯ್ರೆ, ತೊಳ್ಕೊಂಡು ಹೋಗ್ತದೆ.

ಹೋಗುತ್ತದೆಯೇ? ಎಷ್ಟು ದೂರ? ಇದನ್ನು ನಂಬಿಕೆಗೆ ಬಿಡಬೇಕಾದ್ದಿಲ್ಲ. ಅಂಗಡಿ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮಾಡಬಹುದಾದ ಲೆಕ್ಕ ಇದು.

ಮೊರದ ಗಾಳಿ

ಭತ್ತ ತೂರುವುದನ್ನು ನೋಡಿದವರಿಗೆ ಪಾಠ ಅರ್ಧ ಬಂದ ಹಾಗೆಯೇ. ಮೊರ ಎತ್ತಿ ಸುರಿದರೆ ಕಾಳು ಕಾಲಬುಡಕ್ಕೆ ಬೀಳುತ್ತದೆ, ಜಳ್ಳು ದೂರ ಹಾರುತ್ತದೆ. ಗಾಳಿ ಜೋರಿದ್ದರೆ ಇನ್ನೂ ದೂರ. ನಿಂತು ಸುರಿದರೆ ದೂರ, ಕೂತು ಸುರಿದರೆ ಹತ್ತಿರ. ನೀರಿನೊಳಗೂ ಇದೇ ಕತೆ. ಗಾಳಿಯ ಬದಲು ನೀರಿನ ಸೆಳೆತ, ಮೊರದ ಎತ್ತರದ ಬದಲು ಬಲೆಯ ತಳದಿಂದ ಹೊಳೆಯ ತಳದವರೆಗಿನ ಆಳ, ಕಾಳು ಜಳ್ಳಿನ ಬದಲು ತಿಂಡಿಯ ಗುಳಿಗೆ ಮತ್ತು ಮಲ.

ಇದನ್ನು ಕೂತು ಅಳೆದವರು ಸ್ಕಾಟ್ಲೆಂಡಿನವರು. ಅಲ್ಲಿನ ಕಡಲ ಕೊಲ್ಲಿಗಳಲ್ಲಿ ಸಾಲ್ಮನ್ ಮೀನಿನ ಪಂಜರಗಳು ದಂಡಿಯಾಗಿವೆ. ಓಬನ್ ಎಂಬ ಊರಿನ ಹತ್ತಿರದ ಡನ್‌ಸ್ಟಾಫ್ನೇಜ್ ಸಾಗರ ಪ್ರಯೋಗಾಲಯದವರು ಹೊಲಸು ಎಲ್ಲಿ ಬೀಳುತ್ತದೆಂದು ಮೊದಲೇ ಹೇಳುವ ಒಂದು ಕಂಪ್ಯೂಟರ್ ಲೆಕ್ಕ ಕಟ್ಟಿ 2002ರಲ್ಲಿ ಪ್ರಕಟಿಸಿದರು. ಹೆಸರು ಡೆಪೊಮಾಡ್. ಪಂಜರ ಇಡಲು ಪರವಾನಗಿ ಕೊಡುವ ಮುಂಚೆ ಅಲ್ಲಿನ ಪರಿಸರ ಇಲಾಖೆ ನೋಡುವುದು ಇಂಥ ಲೆಕ್ಕವನ್ನು. ಅದರೊಳಗಿನ ಅಂಕಿಗಳು ಸಾದಾ. ಸಾಲ್ಮನ್ ಮಲ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ಮುಳುಗುತ್ತದೆ. ತಿಂಡಿಯ ಗುಳಿಗೆ ಅದಕ್ಕಿಂತ ಭಾರ, ಸುಮಾರು 10 ಸೆಂಟಿಮೀಟರ್.

ಈಗ ಪೆನ್ಸಿಲ್ ತಗೊಳ್ಳಿ. ಸ್ಕಾಟ್ಲೆಂಡಿನ ಒಂದು ಕೊಲ್ಲಿ, ಬಲೆಯ ಕೆಳಗೆ 30 ಮೀಟರ್ ಆಳ. ಮಲ ತಳ ಮುಟ್ಟಲು 1000 ಸೆಕೆಂಡು, ಅಂದರೆ ಹದಿನಾರು ಹದಿನೇಳು ನಿಮಿಷ. ಅಷ್ಟರಲ್ಲಿ ಸೆಕೆಂಡಿಗೆ 5 ಸೆಂಟಿಮೀಟರ್ ಸೆಳೆತ ಅದನ್ನು 50 ಮೀಟರ್ ಒಯ್ಯುತ್ತದೆ. ಗುಳಿಗೆ ಹೋಗುವುದು ಬರೀ 15 ಮೀಟರ್.

ಇನ್ನು ನಮ್ಮ ಹೊಳೆ. ಬಲೆಯ ಕೆಳಗೆ ಉಳಿಯುವುದು ಎರಡು ಮಾರು ಅಂತಿಟ್ಟುಕೊಳ್ಳೋಣ, ಲೆಕ್ಕಕ್ಕೆ ಸುಲಭ ಆಗಲಿ ಅಂತ 3 ಮೀಟರ್. ಅದೇ ವೇಗದಲ್ಲಿ ಮುಳುಗುವ ಮಲಕ್ಕೆ 100 ಸೆಕೆಂಡು ಸಾಕು. ಅದೇ 5 ಸೆಂಟಿಮೀಟರಿನ ಸೆಳೆತದಲ್ಲಿ ಹೋಗುವ ದೂರ 5 ಮೀಟರ್. ಐದೇ ಮೀಟರ್! ಒಂದು ಟೆಂಪೊ ನಿಲ್ಲಿಸುವಷ್ಟು ಜಾಗ. ಉಬ್ಬರದ ಭರದಲ್ಲಿ ನೀರು 30 ಸೆಂಟಿಮೀಟರ್ ಓಡಿತು ಅಂದರೂ 30 ಮೀಟರ್ ದಾಟುವುದಿಲ್ಲ. ಕಡಲಿಗೆ ಹೋಯಿತು ಅಂದುಕೊಂಡದ್ದು ಪಕ್ಕದ ಮನೆ ಅಂಗಳದಷ್ಟು ದೂರದಲ್ಲೇ ಕೂತಿರುತ್ತದೆ.

ಎಲ್ಲಾ ಮೀನಿನ ಮಲವೂ ಒಂದೇ ತೂಕ ಅಲ್ಲ ಅನ್ನಿ. ಮೆಡಿಟರೇನಿಯನ್ ಕಡಲಲ್ಲಿ ಸಾಕುವ ಬಾಸ್ ಮತ್ತು ಬ್ರೀಮ್ ಮೀನಿನ ಮಲ ಅಳೆದಾಗ ಅದು ಸೆಕೆಂಡಿಗೆ 1 ಸೆಂಟಿಮೀಟರಿಗಿಂತಲೂ ನಿಧಾನಕ್ಕೆ ಇಳಿಯುತ್ತದೆಂದು ಕಂಡಿತು. ಸಾಲ್ಮನ್ ಜಾತಿಯದು ಮುದ್ದೆ ಕಟ್ಟಿದರೆ ಇವುಗಳದ್ದು ಪುಡಿಪುಡಿ. ಅರ್ಧ ಸೆಂಟಿಮೀಟರ್ ಲೆಕ್ಕ ಹಿಡಿದರೆ 3 ಮೀಟರ್ ಇಳಿಯಲು 10 ನಿಮಿಷ ಬೇಕು, ಜೋರು ಸೆಳೆತದಲ್ಲಿ 180 ಮೀಟರ್ ಹೋದೀತು. ಅಲ್ಲಿ ಇಟ್ಟಿರುವುದು ಇನ್ನೊಬ್ಬರ ಪಂಜರವಾದರೆ?

ಹೋದದ್ದು ವಾಪಸು

ಹೊಳೆ ಒಂದೇ ಕಡೆಗೆ ಹರಿಯುತ್ತದೆ ಅನ್ನುವುದು ಘಟ್ಟದ ಮೇಲಿನವರ ಮಾತು. ಅಳಿವೆಯ ನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಇಳಿತದಲ್ಲಿ ಪಂಜರದ ಪಡುವಲಿಗೆ ಬಿದ್ದದ್ದು ಒಂದು ಪಾಲು, ಉಬ್ಬರದಲ್ಲಿ ಮೂಡಲಿಗೆ ಬಿದ್ದದ್ದು ಇನ್ನೊಂದು ಪಾಲು. ಎರಡರ ನಡುವೆ ನೀರು ತಿರುಗುವಾಗ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದಲ್ಲ, ಆಗ ಬಿದ್ದದ್ದು ನೇರ ಬಲೆಯ ಅಡಿಗೆ. ಹೀಗಾಗಿ ತಳದಲ್ಲಿ ಕೂರುವ ಹೊಲಸಿನ ಹಾಸು ದೋಣಿಯ ಆಕಾರ: ಹೊಳೆಯ ಉದ್ದಕ್ಕೆ ಚಾಚಿ, ನಡುವೆ ದಪ್ಪ, ಎರಡು ತುದಿಗೆ ತೆಳು.

ಇನ್ನೊಂದು ಸಂಗತಿ ದಡದಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಮಳೆ ಮುಗಿದ ಮೇಲೂ ಹೊಳೆಯಲ್ಲಿ ಸಿಹಿನೀರು ಬರುತ್ತಿರುತ್ತದೆ. ಸಿಹಿನೀರು ಹಗುರ, ಮೇಲೆ ಹರಿದು ಕಡಲು ಸೇರುತ್ತದೆ. ಉಪ್ಪುನೀರು ಭಾರ, ಅಡಿಯಲ್ಲಿ ನುಸುಳಿ ಒಳನಾಡಿಗೆ ಬರುತ್ತದೆ. ಹೀಗೆ ಪದರ ಕಟ್ಟಿದ ಹೊಳೆಯಲ್ಲಿ ಮೇಲಿನ ನೀರು ಕಡಲ ಕಡೆಗೆ, ಕೆಳಗಿನ ನೀರು ಊರ ಕಡೆಗೆ! ತೆಂಗಿನ ಸೋಗೆ ತೇಲಿ ಕಡಲಿಗೆ ಹೋಯಿತು ಅಂತ ದಡದವರು ನೋಡುತ್ತಿರುವಾಗ ಅಡಿಗೆ ಇಳಿದ ಹೊಲಸು ಮೆಲ್ಲಗೆ ಮೇಲ್ಮುಖವಾಗಿ ಸರಿಯುತ್ತಿರಬಹುದು. ತೊಳ್ಕೊಂಡು ಹೋಗ್ತದೆ ಅನ್ನುವ ಮಾತು ಸೋಗೆಗೆ ಸರಿ.

ತಳ ಮುಟ್ಟಿದ್ದೆಲ್ಲಾ ಅಲ್ಲೇ ಇರುತ್ತದೆ ಅಂತಲೂ ಅಲ್ಲ. ತಳದ ನೀರಿನ ಓಟ ಸೆಕೆಂಡಿಗೆ 10 ಸೆಂಟಿಮೀಟರ್ ಆಸುಪಾಸು ಮುಟ್ಟಿದರೆ ಹೊಸದಾಗಿ ಕೂತ ಹೊಲಸು ಎದ್ದು ಮುಂದಕ್ಕೆ ಜಾರುತ್ತದೆ ಎಂಬುದು ಸ್ಕಾಟ್ಲೆಂಡಿನವರು ಇಟ್ಟುಕೊಂಡ ಲೆಕ್ಕ. ಏಳುತ್ತದೆ, ಕೂರುತ್ತದೆ, ಮತ್ತೆ ಏಳುತ್ತದೆ. ಹಾಗೆ ಚದುರಿದ ಹೊಲಸಿನಿಂದ ದೊಡ್ಡ ತೊಂದರೆ ಇಲ್ಲ. ತೆಳ್ಳಗೆ ಹರಡಿದ್ದು ಹುಳ, ಏಡಿ, ಸಿಗಡಿಗೆ ಊಟ. ಪಂಜರದ ಸುತ್ತ ಸೇರುವ ಕಾಡುಮೀನುಗಳೂ ಉದುರಿದ ತಿಂಡಿಯಲ್ಲಿ ಒಳ್ಳೆ ಪಾಲು ತಿಂದು ಮುಗಿಸುತ್ತವೆ. ತೊಂದರೆ ಬರುವುದು ಅದೇ ಹೊಲಸು ಒಂದೇ ಕಡೆ ಗುಡ್ಡೆ ಬಿದ್ದು, ಗಟ್ಟಿಯಾಗಿ, ಏಳದೆ ಉಳಿದಾಗ. ಗೊಬ್ಬರ ಗದ್ದೆಗೆ ಹರಡಿದರೆ ಪೈರು, ಸಸಿ ಬುಡಕ್ಕೆ ಒಂದೇ ಗುಡ್ಡೆ ಸುರಿದರೆ ಸಸಿ ಸುಟ್ಟುಹೋಗುತ್ತದೆ ಅನ್ನುವುದು ತರಕಾರಿ ಬೆಳೆಯುವ ಯಾರಿಗೂ ಗೊತ್ತು.

ಗುಡ್ಡೆ ಎಷ್ಟು?

ಗುಳಿಗೆ ತಿಂಡಿಯ ಲೆಕ್ಕ ಹೀಗಿದೆ. ಸಾಲ್ಮನ್ ಸಾಕಣೆಯಲ್ಲಿ ಒಂದು ಟನ್ ತಿಂಡಿ ಹಾಕಿದರೆ ಸುಮಾರು ಶೇಕಡ 3 ತಿನ್ನದೆ ಉದುರುತ್ತದೆ, ತಿಂದದ್ದರಲ್ಲಿ ಶೇಕಡ 15ರಷ್ಟು ಜೀರ್ಣವಾಗದೆ ಹೊರಬರುತ್ತದೆ ಅಂತ ಹಿಡಿಯುತ್ತಾರೆ. ಎರಡೂ ಸೇರಿ ಟನ್ನಿಗೆ 170, 180 ಕಿಲೊ ಒಣ ಹೊಲಸು.

ಸಣ್ಣ ಪಂಜರದವರು ಎಲ್ಲರೂ ಗುಳಿಗೆ ಹಾಕುವುದಿಲ್ಲ. ದುಬಾರಿ. ಬೂತಾಯಿ, ಬೈಗೆಯಂಥ ಸಣ್ಣಮೀನು, ಬಂದರಿನಲ್ಲಿ ಮಾರಾಟವಾಗದೆ ಉಳಿದ ಚಿಲ್ಲರೆ ಮೀನು ಕೊಚ್ಚಿ ಹಾಕುವುದೇ ರೂಢಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವಂತೆ ಸೀ ಬಾಸ್ ಒಂದು ಕಿಲೊ ತೂಕ ಬರಲು ಇಂಥ ಮೀನು 4ರಿಂದ 8 ಕಿಲೊ ಬೇಕು. ಗುಳಿಗೆಯಾದರೆ ಎರಡು ಕಿಲೊದ ಒಳಗೇ ಮುಗಿಯುತ್ತದೆ. ಕೊಚ್ಚಿದ ಮೀನು ಗುಳಿಗೆಯ ಹಾಗೆ ಒಂದು ತುಂಡಾಗಿ ಇಳಿಯುವುದಿಲ್ಲ. ಎಣ್ಣೆ ಮೇಲೆ ತೇಲುತ್ತದೆ, ರಕ್ತ ನೀರಿನಲ್ಲಿ ಕರಗುತ್ತದೆ, ಮಾಂಸದ ಎಳೆ ಬಲೆಯ ಕಣ್ಣಿನಲ್ಲಿ ನುಸುಳಿ ಹೋಗುತ್ತದೆ, ಮುಳ್ಳೂ ತಲೆಯೂ ತಳ ಸೇರುತ್ತವೆ. ಒಂದು ಟನ್ ಮೀನು ಎತ್ತಿದ ಪಂಜರಕ್ಕೆ ನಾಲ್ಕರಿಂದ ಎಂಟು ಟನ್ ಸುರಿದಿರುತ್ತಾರೆ ಅಂದರೆ ಅಡಿಯಲ್ಲಿ ಏನು ಕೂತಿದೆ ಅನ್ನುವುದನ್ನು ಊಹಿಸಿಕೊಳ್ಳಬಹುದು.

ಕೊಳೆತ ಮೊಟ್ಟೆ ವಾಸನೆ

ತಳದಲ್ಲಿ ಕೂತ ಹೊಲಸನ್ನು ತಿನ್ನಲು ಬ್ಯಾಕ್ಟೀರಿಯಾ ಮುತ್ತುತ್ತವೆ. ಅವಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಹೊಲಸು ಸ್ವಲ್ಪವಿದ್ದರೆ ನೀರಿನಿಂದ ಬರುವ ಆಮ್ಲಜನಕ ಸಾಕಾಗುತ್ತದೆ. ಜಾಸ್ತಿಯಾದರೆ ಸಾಲದು. ಆಗ ಆಮ್ಲಜನಕ ಬೇಡದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಕೆಲಸಕ್ಕೆ ಇಳಿಯುತ್ತವೆ. ಇವು ಉಪ್ಪುನೀರಿನಲ್ಲಿರುವ ಸಲ್ಫೇಟನ್ನು ಹಿಡಿದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕೆಸರು ಕಪ್ಪಾಗುತ್ತದೆ. ಅದರ ಮೇಲೆ ಬಿಳಿ ಬೂಷ್ಟಿನ ಹಾಗೆ ಬೆಜಿಯಾಟೋವ ಎಂಬ ಬ್ಯಾಕ್ಟೀರಿಯಾದ ಹಾಸು ಹರಡುತ್ತದೆ.

ಹೀಗೆ ಹೊಲಸು ಹೆಚ್ಚಿದಂತೆ ತಳದ ಜೀವಿಗಳು ಒಂದೊಂದಾಗಿ ಹೇಗೆ ಜಾಗ ಬಿಡುತ್ತವೆ ಅನ್ನುವುದನ್ನು ಪಿಯರ್ಸನ್ ಮತ್ತು ರೋಸನ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು 1978ರಲ್ಲೇ ಬರೆದಿಟ್ಟಿದ್ದಾರೆ. ಮೊದಲು ಹೋಗುವವು ದೊಡ್ಡ ಚಿಪ್ಪಿನವು, ಆಳಕ್ಕೆ ಬಿಲ ತೋಡುವವು. ಕೊನೆಗೆ ಉಳಿಯುವುದು ಕ್ಯಾಪಿಟೆಲ್ಲ ಎಂಬ ದಾರದಂಥ ಕೆಂಪು ಹುಳ, ಲಕ್ಷಗಟ್ಟಲೆ. ಅದೂ ಸತ್ತ ಮೇಲೆ ಏನೂ ಇಲ್ಲ. 1987ರಲ್ಲಿ ಸ್ಕಾಟ್ಲೆಂಡಿನ ಒಂದು ಸಾಲ್ಮನ್ ಪಂಜರದ ಅಡಿ ಪರೀಕ್ಷೆ ಮಾಡಿದವರಿಗೆ ನೇರ ಕೆಳಗೆ ನಿರ್ಜೀವ ಕೆಸರು, ಕೆಲವು ಮೀಟರ್ ಆಚೆಗೆ ಹುಳದ ಜಾತ್ರೆ, ಕೆಲವು ಹತ್ತು ಮೀಟರ್ ದಾಟಿದ ಮೇಲೆ ಮಾಮೂಲಿ ತಳ ಕಂಡಿತು.

ನಮ್ಮ ಹೊಳೆಗಳಲ್ಲಿ ಮೊದಲು ಜಾಗ ಬಿಡುವವರ ಪಟ್ಟಿಯಲ್ಲಿ ಬರುವುದು ಬಳಚು, ಮರುವಾಯಿ. ಓಡಿಹೋಗಲು ಕಾಲಿಲ್ಲದ ಜೀವ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಅದನ್ನು ಹೆಕ್ಕುವವರಿಗೆ ಸಬ್ಸಿಡಿ ಇಲ್ಲ, ಅರ್ಜಿ ನಮೂನೆ ಇಲ್ಲ, ಪಂಜರ ಇಡುವಾಗ ಅವರನ್ನು ಕೇಳುವ ರೂಢಿಯೂ ಇಲ್ಲ. ಹೊಳೆಯ ಒಂದು ಮೂಲೆ ಕಪ್ಪಾದರೆ ಇನ್ನೊಂದು ಮೂಲೆಗೆ ಹೋಗುತ್ತಾರೆ, ಅಷ್ಟೆ.

ಹಾಗಂತ ಎಲ್ಲಾ ಪಾಪವನ್ನೂ ಪಂಜರದ ಮೀನಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಪೇಟೆಯ ಚರಂಡಿ ಬಂದು ಸೇರುವ ಹೊಳೆಗಳೂ ಇವೆ.

ಹೂಮೀನಿನ ಊರಿನಲ್ಲಿ ಆದದ್ದು

ತಳದ ಕತೆ ತಳದಲ್ಲೇ ಮುಗಿದರೆ ಪಂಜರದವನಿಗೆ ಏನು ನಷ್ಟ ಅಂತ ಕೇಳಬಹುದು. ಫಿಲಿಪೈನ್ಸಿನ ಬೊಲಿನಾವ್ ಊರಿನವರು ಇದಕ್ಕೆ ಉತ್ತರ ಕೊಡಬಲ್ಲರು. ಅಲ್ಲಿ ಸಾಕುವುದು ನಮ್ಮವರಿಗೂ ಗೊತ್ತಿರುವ ಹೂಮೀನನ್ನೇ. 1990ರ ದಶಕದ ನಡುವಿನಿಂದ ಅಲ್ಲಿನ ಕಡಲ ಕಾಲುವೆಗಳಲ್ಲಿ ಪಂಜರಗಳೂ ಬಲೆಬೇಲಿಗಳೂ ಎದ್ದವು. ಒಬ್ಬನಿಗೆ ಲಾಭ ಬಂತು, ನೋಡಿದವರೆಲ್ಲಾ ಇಟ್ಟರು. ಆ ನೀರಿಗೆ ತಡೆಯುವುದು 544 ಮಾತ್ರ ಎಂದು ಮಿತಿ ಇತ್ತು. ನಿಂತದ್ದು 1170. ಎರಡು ಪಟ್ಟಿಗೂ ಮಿಕ್ಕಿ. ಸಾಲಾಗಿ ನಿಂತ ಬಲೆಗಳೇ ನೀರಿನ ಓಟಕ್ಕೆ ಬೇಲಿಯಾಗುತ್ತವೆ ಅನ್ನುವುದು ಬೇರೆ.

2002ರ ಫೆಬ್ರವರಿ. ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ಪಾಚಿ ವಿಪರೀತ ಹೆಚ್ಚಿತು, ಆ ದೇಶದಲ್ಲಿ ಅದು ವರದಿಯಾದದ್ದು ಅದೇ ಮೊದಲು. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಮಿಗಿಂತ ಕೆಳಗೆ ಇಳಿಯಿತು. ಮೀನು ರಾಶಿರಾಶಿ ಸತ್ತು ತೇಲಿತು. ಸಾಕಿದ ಮೀನೂ ಹೋಯಿತು, ಸಾಕದ ಮೀನೂ ಹೋಯಿತು. ವರ್ಷಗಟ್ಟಲೆ ಸುರಿದ ತಿಂಡಿ, ತಳದಲ್ಲಿ ಕೂತ ಹೊಲಸು, ಅದರಿಂದ ನೀರಿಗೆ ಬಿಡುಗಡೆಯಾದ ಸಾರ, ಎಲ್ಲಾ ಸೇರಿ ಬೆಳೆಸಿದ ಪಾಚಿ ಅದು.

ಬಿಸಿನೀರಿನ ದೇಶದವರು ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. 10 ಡಿಗ್ರಿಯ ಕಡಲನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯದ್ದು 6 ಚಿಲ್ಲರೆ. ಸ್ಕಾಟ್ಲೆಂಡಿನವನ ಜೇಬಿನಲ್ಲಿ ಒಂಬತ್ತು ರೂಪಾಯಿ, ನಮ್ಮವನ ಜೇಬಿನಲ್ಲಿ ಆರೇ. ಬಿಸಿಗೆ ಬ್ಯಾಕ್ಟೀರಿಯಾದ ಹಸಿವೂ ಜಾಸ್ತಿ, ಮೀನಿನ ಉಸಿರೂ ಜಾಸ್ತಿ. ಖರ್ಚು ಅವನಿಗಿಂತ ಬೇಗ.

ಅಷ್ಟಮಿಯ ನೀರು

ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜೋರು, ಅಷ್ಟಮಿಯ ಸುಮಾರಿಗೆ ಮಂದ ಅನ್ನುವುದು ಬಲೆ ಬಿಡುವವರಿಗೆ ಪಂಚಾಂಗ ನೋಡದೆಯೇ ಗೊತ್ತು. ಪಂಜರದ ಹೊಲಸಿಗೂ ಇದೇ ಪಂಚಾಂಗ. ಹುಣ್ಣಿಮೆಯ ಸೆಳೆತಕ್ಕೆ ಎದ್ದು ಚದುರುವ ಹೊಲಸು ಅಷ್ಟಮಿಗೆ ಬಿದ್ದಲ್ಲೇ ಬೀಳುತ್ತದೆ, ಹೊಸ ನೀರೂ ಕಮ್ಮಿ ಬರುತ್ತದೆ. ಮೀನು ಉಸಿರುಗಟ್ಟುವ ಅಪಾಯ ಹೆಚ್ಚಿರುವುದು ಇಂಥ ದಿನಗಳ ಬೆಳಗಿನ ಜಾವ. ರಾತ್ರಿಯಿಡೀ ಪಾಚಿಯೂ ಆಮ್ಲಜನಕ ಕುಡಿದಿರುತ್ತದೆ. ಮೀನು ಬಾಯಿ ಮೇಲೆತ್ತಿ ಗಾಳಿ ನುಂಗುವುದು ಕಂಡರೆ ಅವತ್ತಿನ ತಿಂಡಿ ನಿಲ್ಲಿಸಬೇಕು. ಹಸಿದಿದೆ ಅಂತ ಇನ್ನೆರಡು ಬುಟ್ಟಿ ಸುರಿದರೆ ಕೆಲಸ ಕೆಟ್ಟಿತು.

ಕರಾವಳಿಗೆ ಒಂದು ಪುಣ್ಯವಿದೆ, ಮಳೆಗಾಲ. ಜೂನಿನಿಂದ ನಾಲ್ಕು ತಿಂಗಳು ಘಟ್ಟದ ನೆರೆನೀರು ಹೊಳೆಯ ತಳವನ್ನು ಬಳಿದುಕೊಂಡು ಹೋಗುತ್ತದೆ. ನೆರೆಗೂ ಸಿಹಿನೀರಿಗೂ ಹೆದರಿ ಮಳೆಗೆ ಮುಂಚೆ ಮೀನು ಎತ್ತುವವರೂ ಇದ್ದಾರೆ. ಹಾಗೆ ಎತ್ತಿದರೆ ತಳಕ್ಕೆ ತಾನಾಗಿ ವಿರಾಮ. ನಾರ್ವೆ ದೇಶದಲ್ಲಿ ಒಂದು ಬೆಳೆ ತೆಗೆದ ಮೇಲೆ ಕನಿಷ್ಠ ಎರಡು ತಿಂಗಳು ಜಾಗ ಖಾಲಿ ಬಿಡಬೇಕೆಂದು ಕಾನೂನು ಮಾಡಿ ಹೇಳಬೇಕಾಯಿತು, ನಮಗೆ ಮಳೆರಾಯನೇ ಹೇಳುತ್ತಾನೆ. ತೊಂದರೆ ಇರುವುದು ಅದರ ಆಚೆಗೆ. ಸಿಹಿನೀರಿನ ಹರಿವು ಸೊರಗಿ, ನೀರು ಕಾದು, ಮೀನು ತೂಕ ಬಂದು, ತಿಂಡಿ ಅತಿ ಹೆಚ್ಚು ಸುರಿಯುವ ಕಾಲ ಮಾರ್ಚ್, ಏಪ್ರಿಲ್, ಮೇ. ಮೂರೂ ಒಟ್ಟಿಗೆ ಬರುತ್ತವೆ. ಅಳಿವೆ ಬಾಗಿಲು ಮರಳು ತುಂಬಿ ಕಿರಿದಾದ ಹೊಳೆಯಲ್ಲಂತೂ ಕೇಳುವುದೇ ಬೇಡ.

ಮೂಗೇ ಮೀಟರು

ನಾರ್ವೆಯವರ ತಪಾಸಣೆಯ ಕ್ರಮ ಕೇಳಿದರೆ ನಗು ಬಂದೀತು. ಪಂಜರದ ಅಡಿಯಿಂದ ಕೆಸರು ಎತ್ತುತ್ತಾರೆ. ಹುಳ ಇದೆಯಾ ನೋಡುತ್ತಾರೆ, ಯಂತ್ರ ಅದ್ದಿ ಆಮ್ಲದ ಮಟ್ಟ ನೋಡುತ್ತಾರೆ. ಆಮೇಲೆ ಬಣ್ಣ ನೋಡುತ್ತಾರೆ, ಮೂಸುತ್ತಾರೆ, ಮೆತ್ತಗಿದೆಯೋ ಗಟ್ಟಿಯೋ ಮುಟ್ಟುತ್ತಾರೆ, ಗುಳ್ಳೆ ಬರುತ್ತದೋ ನೋಡುತ್ತಾರೆ, ಹೊಲಸಿನ ದಪ್ಪ ಅಳೆಯುತ್ತಾರೆ. ಎಲ್ಲಕ್ಕೂ ಅಂಕ. ಇದು ಆ ದೇಶದ ಅಧಿಕೃತ ಮಾನಕ, 2000ದಲ್ಲಿ ಬಂದದ್ದು, ನಂತರ ತಿದ್ದುಪಡಿಗಳೂ ಆಗಿವೆ. ಕೋಟ್ಯಂತರದ ಉದ್ದಿಮೆಯ ಜಾತಕ ಒಂದು ಬಕೆಟ್ ಕೆಸರಿನಲ್ಲಿ!

ನಮ್ಮಲ್ಲೂ ಕಾಗದದ ಮೇಲೆ ದಾರಿ ತೆರೆದಿದೆ. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾನೂನು ಮುಖ್ಯವಾಗಿ ಸಿಗಡಿ ಕೆರೆಗಳನ್ನು ನೋಡಿಕೊಳ್ಳಲು ಬಂದದ್ದು. 2023ರ ತಿದ್ದುಪಡಿ ಪಂಜರ ಕೃಷಿಯನ್ನೂ ಅದರೊಳಗೆ ತಂದಿತು. ಪ್ರಾಧಿಕಾರದ ಕಚೇರಿ ಚೆನ್ನೈಯಲ್ಲಿದೆ. ಪಂಜರ ನಿಲ್ಲುವುದು ಉಪ್ಪುಂದದಲ್ಲಿ, ಕಾರವಾರದಲ್ಲಿ. ಅಷ್ಟಮಿಯ ದಿನ ಯಾವ ಹೊಳೆಯ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಗೊತ್ತಿರುವುದು ಇಲ್ಲಿಯವರಿಗೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ 2007ರಲ್ಲಿ ವಿಶಾಖಪಟ್ಟಣದ ಕಡಲಲ್ಲಿ ಸೀ ಬಾಸ್ ಪಂಜರ ಇಳಿಸಿ ಈ ವಿದ್ಯೆಗೆ ದಾರಿ ಮಾಡಿದ್ದು. ಅದರ ಕೇಂದ್ರಗಳು ಮಂಗಳೂರಲ್ಲೂ ಕಾರವಾರದಲ್ಲೂ ಇವೆ. ಕೇಳುವುದಕ್ಕೆ ಜಾಗ ಇಲ್ಲ ಅನ್ನುವಂತಿಲ್ಲ.

ಅಲ್ಲಿಯವರೆಗೆ ಪಂಜರದವರೇ ಮಾಡಿಕೊಳ್ಳಬಹುದಾದ ಪರೀಕ್ಷೆಗೆ ಬೇಕಾದದ್ದು ಒಂದು ಸೀಸೆ, ಹಗ್ಗ, ಕೈಗಡಿಯಾರ. ಸೀಸೆಗೆ ಕಲ್ಲು ತುಂಬಿ, ಬಲೆಯ ತಳದಷ್ಟು ಉದ್ದದ ದಾರಕ್ಕೆ ಕಟ್ಟಿ, ದಾರದ ಮೇಲಿನ ತುದಿಗೆ ಸಣ್ಣ ತೇಲು ಕಟ್ಟಿ ಬಿಡಬೇಕು. ಮೇಲಿನ ನೀರಲ್ಲ, ಕೆಳಗಿನ ನೀರು ಎತ್ತ ಎಳೆಯುತ್ತದೆ ಅನ್ನುವುದರ ಅಂದಾಜು ಸಿಗುತ್ತದೆ. 10 ಮೀಟರ್ ದಾಟಲು 100 ಸೆಕೆಂಡು ಹಿಡಿದರೆ ಓಟ 10 ಸೆಂಟಿಮೀಟರ್. ಹುಣ್ಣಿಮೆಗೊಮ್ಮೆ, ಅಷ್ಟಮಿಗೊಮ್ಮೆ, ಉಬ್ಬರಕ್ಕೂ ಇಳಿತಕ್ಕೂ ಬೇರೆಬೇರೆ ನೋಡಬೇಕು. ಅಷ್ಟಮಿಗೆ ಸೀಸೆ ಅಲ್ಲಲ್ಲೇ ಗಿರಕಿ ಹೊಡೆಯುವ ಜಾಗ ದಡಕ್ಕೆ ಎಷ್ಟೇ ಹತ್ತಿರವಿರಲಿ, ಕಾವಲಿಗೆ ಎಷ್ಟೇ ಅನುಕೂಲವಿರಲಿ, ಪಂಜರಕ್ಕೆ ಹೇಳಿದ್ದಲ್ಲ. ಈಗಾಗಲೇ ಇಟ್ಟವರು ಉದ್ದನೆ ಕೋಲಿನಿಂದ ಬಲೆಯ ಅಡಿಯ ಕೆಸರನ್ನು ಒಮ್ಮೆ ಚುಚ್ಚಿ ನೋಡಬಹುದು. ಸರಗುಳ್ಳೆ ಎದ್ದು ಮೊಟ್ಟೆ ವಾಸನೆ ಬಂದರೆ ಹಗ್ಗ ಬಿಚ್ಚಿ ಪಂಜರವನ್ನು ಆಳದ ಕಡೆಗೆ ಎಳೆಯುವ ಹೊತ್ತು ಬಂದಿದೆ, ಮೀನು ಎತ್ತಲು ಇನ್ನೆರಡು ತಿಂಗಳು ಬಾಕಿ ಇದ್ದರೂ.